ಅಜ್ಜಿಯ ಮಾತು, ಅಜ್ಜನ ದಿನಚರಿ

ನಮ್ಮ ಶಾಸನಕವಿಗಳಂತೆ ಚಂದ್ರನಿಂದಲೋ ಸೂರ್ಯನಿಂದಲೋ ಕುಲವನ್ನು ಇಳಿಸಿ ತರುವ ಸೌಕರ್ಯ ಅಮೆರಿಕೆಯ ಲೇಖಕಿ ಪಾಲಿ ಮರ್ರೆಯವರಿಗೆ ಇರಲಿಲ್ಲ. ಅವರ ಮುತ್ತಜ್ಜಿ ಹ್ಯಾರಿಯೆಟ್, 1834ರಲ್ಲಿ, ಇನ್ನೂ ಹದಿನೈದರ ಹುಡುಗಿಯಾಗಿದ್ದಾಗ, ಉತ್ತರ ಕೆರೊಲಿನದ ವೈದ್ಯನೊಬ್ಬನು ತನ್ನ ಮಗಳ ಊಳಿಗಕ್ಕೆಂದು ಹಣ ತೆತ್ತು ಕೊಂಡು ತಂದ ದಾಸಿ. 1956ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಪ್ರೌಡ್ ಷೂಸ್’ ಎಂಬ ಗ್ರಂಥದಲ್ಲಿ ಮರ್ರೆ ಆ ಕ್ರಯದಿಂದ ಹಿಡಿದು ತಮ್ಮ ಬಾಲ್ಯದವರೆಗಿನ ವೃತ್ತಾಂತವನ್ನು ನಿರೂಪಿಸಿದ್ದಾರೆ. ಅದಕ್ಕೆ ನಾಲ್ಕು ವರ್ಷಗಳ ಮುಂಚೆ ವಿದ್ಯಾಸಂಸ್ಥೆಯೊಂದು ಇವರ ‘ಪೂರ್ವಸಂಬಂಧ’ಗಳನ್ನು ಶಂಕಿಸಿ ಉದ್ಯೋಗವನ್ನು ನಿರಾಕರಿಸಿದ್ದಿತು; ನನ್ನ ಪೂರ್ವಸಂಬಂಧಗಳು ಇವು, ನೋಡಿಕೊಳ್ಳಿ ಎಂದು ಪೂರ್ವಿಕರನ್ನೇ ಸಾಲಾಗಿ ತಂದು ನಿಲ್ಲಿಸಿದ ಉತ್ತರವಿದು.

ಹ್ಯಾರಿಯೆಟ್ಟಳ ಗಂಡ ಸ್ವತಂತ್ರನಾದ ಕರಿಯ. ಒಡೆಯನ ಮಕ್ಕಳು ಅವನನ್ನು ಬೆದರಿಸಿ ಓಡಿಸಿದರು. ಅವರಲ್ಲೊಬ್ಬನಾದ ಸಿಡ್ನಿ ಸ್ಮಿತ್ ಆಕೆಯ ಮೇಲೆ ಬಲಾತ್ಕಾರ ನಡೆಸಿದ. 1844ರಲ್ಲಿ ಹುಟ್ಟಿದ ಕಾರ್ನೀಲಿಯ, ಮರ್ರೆಯವರ ಅಜ್ಜಿ, ಆ ಬಲಾತ್ಕಾರದ ಫಲ. ತಾಯಿ ದಾಸಿಯಾದರೆ ಮಗುವೂ ದಾಸಿಯೇ ಎಂಬುದು ಅಂದಿನ ನ್ಯಾಯ; ತಂದೆ ಯಾರೆಂದು ಅದು ಕೇಳುತ್ತಿರಲಿಲ್ಲ. ಆದ್ದರಿಂದ ಆ ಮಗುವನ್ನು ತನ್ನ ಮನೆಯಲ್ಲಿಟ್ಟು ಬೆಳೆಸಿದ ವೈದ್ಯನ ಮಗಳು ಮೇರಿ ಸ್ಮಿತ್ ರಕ್ತದಿಂದ ಸೋದರತ್ತೆ, ಕಾಯಿದೆಯಿಂದ ಒಡತಿ. 1854ರಲ್ಲಿ ಚಾಪೆಲ್ ಹಿಲ್ಲಿನ ಇಗರ್ಜಿಯಲ್ಲಿ ಜ್ಞಾನಸ್ನಾನವಾದಾಗ ಅಲ್ಲಿನ ದಫ್ತರದಲ್ಲಿ ಈ ಹುಡುಗಿ ಮೇರಿ ಸ್ಮಿತ್ತಳಿಗೆ ಸೇರಿದ ಸೇವಕರ ಮಕ್ಕಳಲ್ಲೊಬ್ಬಳಾಗಿ ದಾಖಲಾದಳೇ ಹೊರತು ಸೋದರಸೊಸೆಯಾಗಿ ಅಲ್ಲ.

ಆಶ್ಚರ್ಯವೆಂದರೆ, ಈ ಅಜ್ಜಿ ಮುಪ್ಪಿನಲ್ಲಿಯೂ ಸ್ಮಿತ್ ಮನೆತನದವಳೆಂದೇ ಬೀಗುತ್ತಿದ್ದಳು. ತಾಯಿಯನ್ನು ಕೆಡಿಸಿದವನ ಹೆಸರಿನಿಂದ ಮಗಳು ಮಾನ್ಯತೆಯನ್ನು ಬಯಸುವುದು ಓದುಗನಿಗೆ ಅಸಹ್ಯವಾಗಬಹುದು. ನನಗೂ ಮೊದಲು ಹಾಗೆಯೇ ಆಯಿತು. ಆದರೆ ಮರ್ರೆ ಅಜ್ಜಿಯನ್ನು ತಿದ್ದಹೋಗುವುದಿಲ್ಲ, ಆಕೆಯ ಪರವಾಗಿ ಕ್ಷಮೆಯನ್ನೂ ಯಾಚಿಸುವುದಿಲ್ಲ. ಕಾಯಿದೆ ಅಳಿಸಿಹಾಕಿದ ತಂದೆಯನ್ನು ಆ ಮುದುಕಿ ನಾಲಗೆಯೊಂದರ ಬಲದಿಂದಲೇ ಊರಿಗೆ ಕೇಳುವಂತೆ ಮತ್ತೆ ಮತ್ತೆ ಬರೆದಳೆಂಬ ಅರಿವು ನಮಗೆ ತಾನಾಗಿ ಮೂಡುವವರೆಗೆ ಸುಮ್ಮನೆ ಆಲಿಸುತ್ತಾರೆ. ಈ ಸಂಯಮವೇ ಗ್ರಂಥದ ಪರಮಗುಣ.

ಅಜ್ಜನಾದ ರಾಬರ್ಟ್ ಫಿಟ್ಜ್‌ಜೆರಾಲ್ಡನದು ಬೇರೆಯೇ ಬಗೆಯ ಹೆಮ್ಮೆ. ಅವನು ಅಮೆರಿಕೆಯ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಪರವಾಗಿ ಕಾದಿದವನು, ಯುದ್ಧಾನಂತರ ವಿಮುಕ್ತರಾದ ದಾಸರಿಗೆ ಅಕ್ಷರ ಕಲಿಸಲು ದಕ್ಷಿಣಕ್ಕೆ ಬಂದವನು, ದಿನಚರಿ ಬರೆದಿಟ್ಟವನು. ಇಲ್ಲಿ ಆಧಾರ ಹೇರಳ, ಆದರೆ ಪ್ರಾಣ ಕೊಂಚ ಕಡಮೆ. ದಿನಚರಿ ಹೋದ ಹಾದಿಯಲ್ಲಿಯೇ ಲೇಖನಿಯೂ ಹೋಗಿ, ಕೆಲವು ಅಧ್ಯಾಯಗಳು ಸೇನಾವಿವರದಲ್ಲಿ ದಣಿಯುತ್ತವೆ. ಇನ್ನೊಂದು ದೋಷ ಇದಕ್ಕಿಂತ ಗುರುತರವಾದುದು. ಯಾರೂ ಬರೆದಿಡದ ಸಂಭಾಷಣೆಗಳು ಕಾದಂಬರಿಯಲ್ಲಿನಂತೆ ಸರಾಗವಾಗಿ ಹರಿಯುತ್ತಿರುವಲ್ಲಿಯೂ ಹ್ಯಾರಿಯೆಟ್ ಮಾತ್ರ ಬಹುಪಾಲು ಮೂಕಳಾಗಿಯೇ ಉಳಿಯುತ್ತಾಳೆ. ಅವಳ ಬಗೆಗೆ ನಾವು ತಿಳಿಯುವುದೆಲ್ಲ ಅವಳ ಮಗಳ ಬಾಯಿಂದ, ಆ ಮಗಳಿಗೋ ತಾಯಿಗಿಂತ ತಂದೆಯ ಮೇಲೆ ಕಣ್ಣು. ಆ ಮೌನವು ದಾಸ್ಯದ ದಫ್ತರಗಳದೇ ಮೌನವೆಂದು ವಾದಿಸಬಹುದು. ಆದರೂ ಲೇಖಕಿ ಒಂದು ಕ್ಷಣ ನಿಂತು ಅದನ್ನು ಎತ್ತಿ ಹೇಳಬೇಕಿತ್ತು.

ಗ್ರಂಥದ ಕೊನೆಯಲ್ಲಿ, ಡರ್ಹ್ಯಾಮಿನ ಬಿಳಿಯರ ಸ್ಮಶಾನದಲ್ಲಿನ ದಕ್ಷಿಣಪಕ್ಷದ ಬಾವುಟಗಳ ಎದುರಿಗೆ, ಬಾಲಕಿಯೊಬ್ಬಳು ಅಜ್ಜನ ಸಮಾಧಿಯ ಮೇಲೆ ಒಕ್ಕೂಟದ ಧ್ವಜವನ್ನು ನೆಡುತ್ತಾಳೆ. ಹೀಗೆ ಮುಕ್ತಾಯದ ಗೌರವವೂ ಅಜ್ಜನಿಗೇ ಸಂದಿತು. ಅಜ್ಜಿಯ ಪಾಲಿನ ಮುಕ್ತಾಯ ಗ್ರಂಥದ ಹೊರಗೆ, ಎರಡು ದಶಕಗಳ ತರುವಾಯ ಬಂದಿತು. ಸ್ಮಿತ್ ಮನೆತನದ ಆಸ್ತಿಯಲ್ಲಿ ಪಾಲು ಪಡೆದಿದ್ದ ಉತ್ತರ ಕೆರೊಲಿನ ವಿಶ್ವವಿದ್ಯಾನಿಲಯವು 1938ರಲ್ಲಿ ವರ್ಣದ ಕಾರಣದಿಂದ ಮರ್ರೆಯವರಿಗೆ ಪ್ರವೇಶವನ್ನು ನಿರಾಕರಿಸಿತ್ತು. ಆ ವಿಶ್ವವಿದ್ಯಾನಿಲಯವಿರುವ ಚಾಪೆಲ್ ಹಿಲ್ಲಿನ, ಕಾರ್ನೀಲಿಯಳಿಗೆ ಜ್ಞಾನಸ್ನಾನವಾದ ಅದೇ ಇಗರ್ಜಿಯಲ್ಲಿ, 1977ರ ಫೆಬ್ರುವರಿ 13ರಂದು, ಆಗಷ್ಟೇ ಪಾದ್ರಿದೀಕ್ಷೆ ಪಡೆದಿದ್ದ ಮರ್ರೆ ಪ್ರಭುಭೋಜನದ ವಿಧಿಯನ್ನು ನಡೆಸಿಕೊಟ್ಟು, ಅಜ್ಜಿಯ ಬೈಬಲಿನಿಂದ ಪಾಠವನ್ನು ಓದಿದರು.