ಕ್ಯಾಟ್ ಎಂಬ ಮಿತಭಾಷಿ

1971ರ ನವೆಂಬರ್ 3ರ ದಿನಾಂಕವನ್ನು ಹೊತ್ತ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪ್ರಥಮ ಕೈಪಿಡಿಯಲ್ಲಿಯೇ ಸ್ಥಾನ ಪಡೆದು, ಇಂದಿಗೂ ಗಣಕದ ಕರಿಯ ತೆರೆಯ ಮುಂದೆ ಕುಳಿತವರಿಗೆ ನಿತ್ಯೋಪಯೋಗಿಯಾಗಿರುವ ‘ಕ್ಯಾಟ್’ ಎಂಬ ಆಜ್ಞೆಯ ಕಾರ್ಯವು ಇಷ್ಟೇ: ಹೆಸರಿಸಿದ ಕಡತಗಳನ್ನು ಹೆಸರಿಸಿದ ಕ್ರಮದಲ್ಲಿಯೇ ಓದಿ, ಒಂದರ ಬೆನ್ನಿಗೊಂದರಂತೆ ಹೊರಗೆ ಹರಿಯಬಿಡುವುದು. ಆ ಪ್ರವಾಹವು ತೆರೆಯ ಮೇಲೆ ಬಿದ್ದರೆ ಪ್ರದರ್ಶನ. ಬೇರೊಂದು ಕಡತಕ್ಕೆ ತಿರುಗಿದರೆ ಜೋಡಣೆ.

ಇದರ ಹಿರಿಮೆಯಿರುವುದು ಇದರ ಅಜ್ಞಾನದಲ್ಲಿ ಎಂಬುದೇ ನನ್ನ ಅಭಿಪ್ರಾಯ. ತಾನು ಸಾಗಿಸುತ್ತಿರುವುದು ಕಾವ್ಯವೋ ಕಂದಾಯದ ಲೆಕ್ಕವೋ ಎಂದು ಅದು ವಿಚಾರಿಸುವುದಿಲ್ಲ; ಬೈಟುಗಳನ್ನು ಬಂದಂತೆಯೇ ಒಪ್ಪಿಸುತ್ತದೆ. ಆದುದರಿಂದಲೇ, ಕನ್ನಡದ ಗಂಧವೂ ಇಲ್ಲದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸಾಧನವು, ಅದೇ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಸಂಕೇತಪದ್ಧತಿಯಲ್ಲಿ ತಲಾ ಮೂರು ಬೈಟುಗಳನ್ನು ಬೇಡುವ ನಮ್ಮ ಅಕ್ಷರಗಳನ್ನು, ಒಂದು ಒತ್ತೂ ಕೆಡದಂತೆ ದಾಟಿಸಬಲ್ಲುದು.

ಯುನಿಕ್ಸನ್ನು ಪರಿಷ್ಕರಿಸಿದ ಬರ್ಕ್ಲಿಯವರಿಗೆ ಈ ಮಿತಭಾಷಿತ್ವವು ಸಾಲದೆ ಹೋಯಿತು. ಸಾಲುಗಳಿಗೆ ಅಂಕೆಯಿಡುವುದು, ಸಾಲುಸಾಲಾಗಿ ಬರುವ ಖಾಲಿ ಗೆರೆಗಳನ್ನು ಒಂದಾಗಿಸುವುದು, ಅದೃಶ್ಯ ಚಿಹ್ನೆಗಳನ್ನು ದೃಶ್ಯವಾಗಿಸುವುದು ಎಂದು ಆಯ್ಕೆಗಳು ಬೆಳೆದುವು. ಈ ಕೊನೆಯದಾದ ‘ವಿ’ ಆಯ್ಕೆಯನ್ನು ಪೈಕ್ 1983ರಲ್ಲಿ ಬಹಿರಂಗವಾಗಿ ಖಂಡಿಸಿ, ಮರುವರ್ಷ ಬ್ರಯಾನ್ ಕರ್ನಿಘನ್‌ರೊಡಗೂಡಿ ಲೇಖನವನ್ನೂ ಬರೆದರು. ಭಿನ್ನವಾದ ಕಾರ್ಯಕ್ಕೆ ಭಿನ್ನವಾದ ಸಾಧನವಿರಲಿ ಎಂಬುದು ಅವರ ವಾದ. ಅವರು ಕನ್ನಡವನ್ನು ಮನಸ್ಸಿನಲ್ಲಿಟ್ಟು ವಾದಿಸಿದವರಲ್ಲ. ಆದರೂ ಕ್ಯಾಟ್‌ನ ಗ್ನೂ ಆವೃತ್ತಿಯಲ್ಲಿ ಆ ಆಯ್ಕೆಯೊಡನೆ ಕನ್ನಡ ಕಡತವೊಂದನ್ನು ತೆರೆದು ನೋಡಿದರೆ, ‘ಕ’ ಎಂಬ ಒಂದೇ ಅಕ್ಷರವು ರೋಮನ್ ಲಿಪಿಯ ‘ಎಂ’ ಮೂರು ಬಾರಿ ತಲೆಯೆತ್ತುವ ವಿಚಿತ್ರ ಸಂಕೇತಮಾಲೆಯಾಗಿ ಒಡೆದು ನಿಲ್ಲುತ್ತದೆ. ಅರಿಯದವನಾಗಿ ಸರಿಯಾಗಿ ನಡೆದವನು ಅರಿತವನಂತೆ ವ್ಯಾಖ್ಯಾನಕ್ಕೆ ತೊಡಗಿ ಕೆಟ್ಟನು! ಅಂಕೆಯಿಡುವ ಆಯ್ಕೆಯನ್ನು ಮಾತ್ರ ನಾನು ಅಷ್ಟು ಕಠಿನವಾಗಿ ನಿಂದಿಸಲಾರೆ. ಅದು ಮೂಲಪಾಠವನ್ನು ವಿಕಾರಗೊಳಿಸುವುದಿಲ್ಲ.

ಆದರೆ ಅಜ್ಞಾನಕ್ಕೂ ಬೆಲೆಯುಂಟು. ಮೊದಲ ಕಡತದ ಕಡೆಯ ಸಾಲಿಗೆ ಅಂತ್ಯಚಿಹ್ನೆ ಇಲ್ಲದಿದ್ದರೆ, ಎರಡನೆಯದರ ಮೊದಲ ಸಾಲು ಅದಕ್ಕೇ ಅಂಟಿಕೊಳ್ಳುತ್ತದೆ. ಇದಕ್ಕಿಂತಲೂ ಘೋರವಾದುದು, ಜೋಡಿಸಬೇಕಾದ ಕಡತಗಳಲ್ಲೊಂದರ ಹೆಸರನ್ನೇ ಫಲಿತಾಂಶಕ್ಕೂ ಕೊಡುವುದು: ಕ್ಯಾಟ್ ಕಣ್ತೆರೆಯುವ ಮುನ್ನವೇ, ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಆ ಕಡತವನ್ನು ಬರಿದುಮಾಡಿರುತ್ತದೆ. ಅಪರಾಧವು ಶೆಲ್‌ನದಾದರೂ, 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಕೈಪಿಡಿಯು ಈ ಎಚ್ಚರಿಕೆಯನ್ನು ಕ್ಯಾಟ್‌ನ ಪುಟದಲ್ಲಿಯೇ, ದೋಷಗಳೆಂಬ ಶೀರ್ಷಿಕೆಯಡಿ ದಾಖಲಿಸಿದೆ.