ಕುಚ್ಚಲಕ್ಕಿಗೆ ಯಾವ ಕುಕ್ಕರ್?

ಪುತ್ತೂರು, ಸುಳ್ಯ, ಕಡಬದ ಪಾತ್ರೆ ಅಂಗಡಿಗಳಲ್ಲಿ ರೈಸ್ ಕುಕ್ಕರ್ ಅಂದರೆ ಎರಡು ಬಗೆಯ ಸಾಮಾನು ಎದುರಿಗೆ ಬರುತ್ತದೆ. ಒಂದು ಕರೆಂಟಿನದ್ದು. ಅಲ್ಯೂಮಿನಿಯಂ ಪಾತ್ರೆ, ಗಾಜಿನ ಮುಚ್ಚಳ, ಮುಂದೆ ಒಂದು ಗುಂಡಿ ಮತ್ತು ಎರಡು ದೀಪ. ಇನ್ನೊಂದಕ್ಕೆ ವಯರೂ ಇಲ್ಲ, ಗುಂಡಿಯೂ ಇಲ್ಲ. ಗೋಡೆಯೊಳಗೆ ಫೋಮ್ ತುಂಬಿದ ದಪ್ಪ ಡಬ್ಬಿ, ಅದರೊಳಗೆ ಸರಿಯಾಗಿ ಕೂರುವ ಒಂದು ಸ್ಟೀಲ್ ಪಾತ್ರೆ, ಮೇಲೆ ಬಿಗಿ ಮುಚ್ಚಳ. ಕೇರಳದವರು ಚೂಡಾರಾಪೆಟ್ಟಿ ಎನ್ನುವುದು ಈ ಪೆಟ್ಟಿಗೆಯನ್ನೇ. ಹೊಸ ಮನೆಗೆ ಉಡುಗೊರೆ ಕೊಡುವವರು, ಬೆಂಗಳೂರಿನಿಂದ ಅಪ್ಪ ಅಮ್ಮನಿಗೆ ಆನ್‌ಲೈನಿನಲ್ಲಿ ತರಿಸಿ ಕೊಡುವವರು ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುತ್ತಾರೆ. ಜಾಹೀರಾತು ಇರುವುದೂ ಅದಕ್ಕೇ. ಆದರೆ ದಿನಕ್ಕೊಮ್ಮೆಯಾದರೂ ಕುಚ್ಚಲಕ್ಕಿ ಬೇಯುವ ಮನೆಗೆ ಬೇಕಾದದ್ದು ಎರಡನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಕುಕ್ಕರನ್ನು ಆರಿಸಬೇಕಾದದ್ದು ಅದರಲ್ಲಿರುವ ಗುಂಡಿಗಳನ್ನು ಎಣಿಸಿ ಅಲ್ಲ, ನಮ್ಮ ಅಕ್ಕಿ ನೀರನ್ನು ಹೇಗೆ ಕುಡಿಯುತ್ತದೆ ಎಂದು ನೋಡಿ.

ಕರೆಂಟಿನ ಕುಕ್ಕರ್ ಯಾವ ಅಕ್ಕಿಗಾಗಿ ಹುಟ್ಟಿತು ಎನ್ನುವುದನ್ನು ತಿಳಿದರೆ ಅರ್ಧ ವಿಷಯ ಅಲ್ಲಿಯೇ ಬಗೆಹರಿಯುತ್ತದೆ. ಜಪಾನಿನ ತೋಶಿಬಾ ಕಂಪನಿ ತಾನಾಗಿ ಆಫ್ ಆಗುವ ಕುಕ್ಕರನ್ನು ಮಾರುಕಟ್ಟೆಗೆ ತಂದದ್ದು 1955ರ ಕೊನೆಗೆ. ಅದನ್ನು ರೂಪಿಸಿದವರು ಯೋಶಿತಾದ ಮಿನಾಮಿ ಎಂಬ ಸಣ್ಣ ಕಾರ್ಖಾನೆಯ ಮಾಲೀಕರು. ಅನ್ನ ಬೇಯಿಸಿ ಬೇಯಿಸಿ ಪರೀಕ್ಷೆ ಮಾಡಿದವರು ಅವರ ಪತ್ನಿ ಫುಮಿಕೊ. ಕುದಿ ಬಂದ ಮೇಲೆ ಸುಮಾರು 20 ನಿಮಿಷ ಬೆಂದರೆ ಜಪಾನಿನ ಬಿಳಿ ಅಕ್ಕಿ ಹದವಾಗುತ್ತದೆ ಎನ್ನುವುದೇ ಆ ಯಂತ್ರದ ಮೂಲ ಲೆಕ್ಕ. ಇವತ್ತಿನ ಸಾದಾ ಕುಕ್ಕರಿನ ಅಡಿಯಲ್ಲಿ, ಪಾತ್ರೆಯ ತಳಕ್ಕೆ ತಾಗಿಕೊಂಡು ಸ್ಪ್ರಿಂಗಿನ ಮೇಲೆ ಕುಳಿತ ಒಂದು ಸಣ್ಣ ಆಯಸ್ಕಾಂತ ಇರುತ್ತದೆ. ಪಾತ್ರೆಯಲ್ಲಿ ಬಿಡಿ ನೀರು ಇರುವ ತನಕ ತಳದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರೆಲ್ಲ ಅಕ್ಕಿಯೊಳಗೆ ಹೋದ ಕೂಡಲೇ ಬಿಸಿ ಮೇಲೇರಿ, 103 ಡಿಗ್ರಿಯ ಹೊತ್ತಿಗೆ ಆ ಆಯಸ್ಕಾಂತದ ಹಿಡಿತ ಬಿಟ್ಟು ಗುಂಡಿ ಟಕ್ಕೆಂದು ಮೇಲೆ ಹಾರುತ್ತದೆ. ಬಹಳ ಸೊಗಸಾದ ಉಪಾಯ, ಸಂಶಯವಿಲ್ಲ. ಆದರೆ ಅದಕ್ಕೆ ಒಂದು ಷರತ್ತಿದೆ: ಅಳತೆ ಮಾಡಿ ಹಾಕಿದ ನೀರನ್ನು ಅಕ್ಕಿ ಪೂರ್ತಿ ಕುಡಿಯಬೇಕು, ಕುಡಿದು ಮುಗಿಸಿದಾಗ ಬೆಂದಿರಲೂಬೇಕು. ನಮ್ಮ ಬಿಳಿ ಅಕ್ಕಿಯಾದ ಬೆಳ್ತಿಗೆ ಈ ಷರತ್ತಿಗೆ ಒಪ್ಪುತ್ತದೆ, ಕುಚ್ಚಲಕ್ಕಿ ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣ ಅದನ್ನು ತಯಾರಿಸುವ ಕ್ರಮದಲ್ಲಿದೆ. ಭತ್ತವನ್ನು ಉಮಿ ಸಮೇತ ನೀರಿನಲ್ಲಿ ನೆನೆಸಿ, ಬೇಯಿಸಿ, ಅಂಗಳದಲ್ಲಿ ಒಣಗಿಸಿ ಮಿಲ್ಲಿಗೆ ಒಯ್ಯುತ್ತಾರೆ. ಆ ಮೊದಲ ಬೇಯಿಸುವಿಕೆಯಲ್ಲಿ ಕಾಳಿನೊಳಗಿನ ಪಿಷ್ಟ ಒಮ್ಮೆ ಮೆತ್ತಗಾಗಿ, ಒಣಗುವಾಗ ಮತ್ತೆ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ತೌಡಿನಲ್ಲಿದ್ದ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಒಳಗೆ ಇಳಿಯುವುದೂ ಆಗಲೇ. ಕಜೆಯಂಥ ಕೆಂಪಕ್ಕಿಗಾಗಲಿ, ಗದ್ದೆ ಉಳಿಸಿಕೊಂಡವರು ಇವತ್ತಿಗೂ ಬೆಳೆಯುವ ಎಂಒ4 ಭತ್ತದ ಅಕ್ಕಿಗಾಗಲಿ, ಪೂರ್ತಿ ಪಾಲಿಶ್ ಮಾಡದಿದ್ದರೆ ಮೇಲೊಂದು ತೌಡಿನ ಪದರವೂ ಉಳಿದಿರುತ್ತದೆ. ಇಂಥ ಕಾಳಿನೊಳಗೆ ನೀರು ಇಳಿಯುವುದು ನಿಧಾನ. ಬೆಳ್ತಿಗೆಗೆ 15ರಿಂದ 20 ನಿಮಿಷ ಸಾಕಾದರೆ ಇದಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಷ್ಟು ಹೊತ್ತು ಕಾಳು ಧಾರಾಳ ನೀರಿನಲ್ಲಿ ತೇಲಾಡುತ್ತಾ ಬೇಯಬೇಕು, ಬೆಂದ ಮೇಲೆ ಬಸಿಯಬೇಕು. ಬಸಿದಾಗ ಬರುವ ತೆಳಿ ನಮ್ಮಲ್ಲಿ ಚೆಲ್ಲುವ ವಸ್ತುವೂ ಅಲ್ಲ. ಗಂಜಿ ಊಟಕ್ಕೆ ಅದೇ ಜೀವ. ಉಪ್ಪು ಹಾಕಿ ಕುಡಿಯುವವರಿದ್ದಾರೆ, ಹಟ್ಟಿಯ ದನಕ್ಕೂ ಒಂದು ಪಾಲಿದೆ.

ಈ ಅಕ್ಕಿಯನ್ನು ಕರೆಂಟಿನ ಕುಕ್ಕರಿಗೆ ಹಾಕಿದರೆ ಎರಡರಲ್ಲಿ ಒಂದು ಆಗುತ್ತದೆ. ನೀರು ಅಳೆದು ಹಾಕಿದಿರೋ, ಕಾಳಿನ ಹೊರಮೈ ಒಡೆದು ಮುದ್ದೆಯಾದರೂ ನಡುವೆ ಗಟ್ಟಿ ಉಳಿಯುತ್ತದೆ, ತಳ ಹಿಡಿಯುತ್ತದೆ. ನೀರು ಧಾರಾಳವಾಗಿ ಹಾಕಿದಿರೋ, ಗುಂಡಿ ತಾನಾಗಿ ಹಾರುವುದೇ ಇಲ್ಲ. ತೆಳಿ ನೊರೆಕಟ್ಟಿ ಮುಚ್ಚಳದ ತೂತಿನಿಂದ ಉಕ್ಕಿ, ಮೈಮೇಲೆಲ್ಲ ಇಳಿದು, ಕಟ್ಟೆಯ ಮೇಲೆ ಒಣಗಿ ಅಂಟಾಗುತ್ತದೆ. ಕೊನೆಗೆ ನಾವೇ ಎದುರು ನಿಂತು ಸ್ವಿಚ್ ಆರಿಸಬೇಕು. ಆಗ ಎದುರಾಗುವುದು ಬಸಿಯುವ ಕಷ್ಟ. ಆ ಅಲ್ಯೂಮಿನಿಯಂ ಪಾತ್ರೆಗೆ ಕಿವಿಗಳಿಲ್ಲ. ಅಂಚು ತೆಳು, ಮೈ ನುಣುಪು. ಗಾಜಿನ ಮುಚ್ಚಳ ಅಂಚಿಗೆ ಬಿಗಿಯಾಗಿ ಕೂರುವುದಿಲ್ಲ. ನಾಲ್ಕು ಲೀಟರು ಕುದಿಯುವ ನೀರು, ಅನ್ನ ಎರಡನ್ನೂ ಎರಡು ಬಟ್ಟೆ ತುಂಡು ಹಿಡಿದು ಬಗ್ಗಿಸುವುದು ವಯಸ್ಸಾದವರ ಕೈಗೆ ಅಪಾಯದ ಕೆಲಸ. ಪಾತ್ರೆ ತಯಾರಿಸಿದವರ ತಪ್ಪು ಇದರಲ್ಲಿ ಏನೂ ಇಲ್ಲ, ಬಸಿಯುವ ಅಡುಗೆ ಅವರ ಯೋಚನೆಯಲ್ಲೇ ಇರಲಿಲ್ಲ. ಪೆಟ್ಟಿಗೆಯ ಕುಕ್ಕರಿನ ಪಾತ್ರೆಗೆ ಹಿಡಿಯಿದೆ. ಒಳ್ಳೆಯದಾದರೆ ಜತೆಗೆ ಸಿಕ್ಕಿಸಿ ಬಸಿಯುವ ತೂತಿನ ಮುಚ್ಚಳವನ್ನೂ ಕೊಡುತ್ತಾರೆ.

ಪೆಟ್ಟಿಗೆ ಹೇಗೆ ಬೇಯಿಸುತ್ತದೆ ಎನ್ನುವುದರಲ್ಲಿ ಮಾಯವೇನೂ ಇಲ್ಲ, ಸರಳ ಲೆಕ್ಕವಿದೆ. ಒಂದು ಕಿಲೋ ಅಕ್ಕಿಗೆ 4 ಲೀಟರ್ ನೀರು ಎಂದು ಇಟ್ಟುಕೊಳ್ಳೋಣ. ಅಷ್ಟು ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 1250 ಕಿಲೋಜೂಲ್ ಶಾಖ ಸಾಕು. ಒಲೆಯ ಶಾಖದಲ್ಲಿ ನೂರಕ್ಕೆ ಅರುವತ್ತು ಪಾಲು ಪಾತ್ರೆಗೆ ಮುಟ್ಟುತ್ತದೆ ಎಂದು ಹಿಡಿದರೆ ಅದು 45 ಗ್ರಾಂನಷ್ಟು ಗ್ಯಾಸ್. ಕುದಿ ಬಂದ ಮೇಲೆ ನಾವು ಉರಿಸುವ ಗ್ಯಾಸ್ ಅನ್ನದ ಬಿಸಿಯನ್ನು ಒಂದು ಡಿಗ್ರಿಯೂ ಏರಿಸುವುದಿಲ್ಲ, ನೀರನ್ನು ಆವಿ ಮಾಡಿ ಅಡುಗೆಮನೆಗೆ ಬಿಡುತ್ತದೆ, ಅಷ್ಟೆ. ಒಂದು ಲೀಟರ್ ನೀರು ಹೀಗೆ ಆವಿಯಾಗಿ ಹೋಗಲು 2250 ಕಿಲೋಜೂಲ್ ಬೇಕು. ಅಂದರೆ ನಾಲ್ಕು ಲೀಟರನ್ನು ಕುದಿಸಲು ಖರ್ಚಾದ ಶಾಖಕ್ಕಿಂತ ಹೆಚ್ಚು, ಬರೀ ಒಂದು ಲೀಟರ್ ಆವಿಗೆ. ಕಾಳಿಗೆ ಬೇಕಾದದ್ದು ಕೊತಕೊತ ಕುದಿತವಲ್ಲ, ಆರದ ಬಿಸಿ ಮತ್ತು ಹೊತ್ತು. ಐದೋ ಹತ್ತೋ ನಿಮಿಷ ಚೆನ್ನಾಗಿ ಕುದಿಸಿ ಪಾತ್ರೆಯನ್ನು ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಿದರೆ ಆ ಬಿಸಿಯನ್ನು ಫೋಮ್ ಹಿಡಿದಿಡುತ್ತದೆ, ಒಂದು ಗಂಟೆ ಒಂದೂಕಾಲು ಗಂಟೆಯಲ್ಲಿ ಕಾಳು ಒಡೆಯದೆ ಇಡಿಯಾಗಿ ಬೇಯುತ್ತದೆ. ಈ ತತ್ವ ಹೊಸತಲ್ಲ. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ನಾರ್ವೆಯವರು ಇಂಥ ಪೆಟ್ಟಿಗೆ ತೋರಿಸಿದ್ದರು. ಯುರೋಪಿನಲ್ಲಿ ಯುದ್ಧಕಾಲದ ಇಂಧನ ಬರಗಾಲದಲ್ಲಿ ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಅಡುಗೆ ಬೇಯುತ್ತಿತ್ತು.

ಕುಚ್ಚಲಕ್ಕಿಗೆ ಪ್ರೆಶರ್ ಕುಕ್ಕರ್ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಯುವುದೇನೋ ಬೇಗ ಬೇಯುತ್ತದೆ. ಆದರೆ ನೊರೆ ಬರುವ ಪದಾರ್ಥಕ್ಕೆ ಪ್ರೆಶರ್ ಕುಕ್ಕರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬುವಂತಿಲ್ಲ. ಸೀಟಿಯ ಜತೆ ತೆಳಿ ಹಾರಿ ಆವಿಯ ದಾರಿಗೆ ಅಂಟುತ್ತದೆ. ಕಾಳು ಬಿರಿದು ತೆಳಿ ಗೊಜ್ಜಿನಂತೆ ದಪ್ಪವಾಗುತ್ತದೆ. ಇದನ್ನು ಬಲ್ಲವರು ಒಂದೇ ಸೀಟಿ ಹಾಕಿಸಿ, ಗ್ಯಾಸ್ ಆರಿಸಿ, ಗಂಟೆ ಹೊತ್ತು ಮುಚ್ಚಿಯೇ ಬಿಟ್ಟು ಮತ್ತೊಂದು ಸೀಟಿ ಹಾಕಿಸುತ್ತಾರೆ. ಅವರು ಮಾಡುತ್ತಿರುವುದು ಪೆಟ್ಟಿಗೆಯ ಕೆಲಸವನ್ನೇ, ಆದರೆ ಬಿಸಿ ಹಿಡಿಯದ ಪಾತ್ರೆಯಲ್ಲಿ. ಇನ್ನು, ದುಬಾರಿ ಡಿಜಿಟಲ್ ಕುಕ್ಕರುಗಳಲ್ಲಿ ಕಂದು ಅಕ್ಕಿಗೆ ಬೇರೆ ಗುಂಡಿಯಿದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಇದು: ಆ ಗುಂಡಿ ಪಾಲಿಶ್ ಮಾಡದ ಹಸಿ ಅಕ್ಕಿಯ ಲೆಕ್ಕದಲ್ಲಿ ಇಟ್ಟದ್ದು. ಕುಚ್ಚಲಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿದರೆ ಅದರಲ್ಲಿ ತಿನ್ನುವಂಥ ಅನ್ನ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೆಳಿ ಮಾತ್ರ ಸಿಗುವುದಿಲ್ಲ. ತೆಳಿ ಇಲ್ಲದ ಗಂಜಿಗೆ ಬಿಸಿನೀರು ಸೇರಿಸಿ ಉಣ್ಣುವ ಮನೆ ನಿಮ್ಮದಾದರೆ ಆ ಕುಕ್ಕರೇ ಸಾಕು.

ಕರೆಂಟಿನ ಮಾತು ಬಂದಾಗ ನಮ್ಮ ಮಳೆಗಾಲವನ್ನು ಮರೆಯುವಂತಿಲ್ಲ. ಘಟ್ಟದ ಬುಡದ ಊರುಗಳು ಇವು. ಜೂನ್‌ನಿಂದ ಆಟಿ ಕಳೆಯುವ ತನಕ ತೋಟ ಕಾಡುಗಳ ನಡುವೆ ಎಳೆದ ಲೈನಿನ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು ಇದ್ದದ್ದೇ. ಬೇಸಗೆಯಲ್ಲಿ ತೋಟದ ಪಂಪುಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 700 ವಾಟಿನ ಕುಕ್ಕರ್ 700 ವಾಟ್ ಕೊಡುವುದು 230 ವೋಲ್ಟ್ ಇದ್ದಾಗ. ವೋಲ್ಟೇಜ್ 180ಕ್ಕೆ ಇಳಿದರೆ ಅದು 430 ವಾಟ್ ಆಸುಪಾಸಿಗೆ ಬಂದು ನಿಲ್ಲುತ್ತದೆ, ಕುದಿ ಬರುವುದೇ ತಡ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಸೌದೆ ಬೇಕಾದಷ್ಟಿರುವ ಮನೆಯವರು ಕುಕ್ಕರೇ ಯಾಕೆ ಎನ್ನಬಹುದು. ಅವರಿಗೂ ಪೆಟ್ಟಿಗೆ ಉಪಕಾರವೇ. ಸೌದೆ ಒಲೆಯಲ್ಲಿ ಕುದಿ ಬರಿಸಿ ಪೆಟ್ಟಿಗೆಗೆ ಇಳಿಸಿದರೆ ಇನ್ನೊಂದು ಗಂಟೆಯ ಹೊಗೆ ಕುಡಿಯುವ ಕಷ್ಟ ತಪ್ಪಿತು.

ಪೆಟ್ಟಿಗೆಯ ವಿರುದ್ಧ ಇರುವ ಒಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಅವು ಕುದಿನೀರಿಗೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗೆ ಉಗುರುಬೆಚ್ಚಗೆ ತುಂಬಾ ಹೊತ್ತು ಉಳಿದರೆ ಅವು ಚಿಗುರಿ ವಿಷ ಕಟ್ಟುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಪೆಟ್ಟಿಗೆಗೆ ಇಟ್ಟ ಅನ್ನವನ್ನು ಸಂಜೆ ತೆಗೆಯುವುದು ಕೂಡದು. ಬೆಂದ ಮೇಲೆ ತೆಗೆದು, ಒಲೆಯಲ್ಲಿ ಒಮ್ಮೆ ಕುದಿ ಬರಿಸಿ, ಬಸಿದು ಮುಗಿಸಬೇಕು. ನಡುವೆ ಬೆಂದಿತೋ ಎಂದು ಮುಚ್ಚಳ ತೆಗೆದು ನೋಡುವ ಅಭ್ಯಾಸವನ್ನೂ ಬಿಡಬೇಕು. ಅರ್ಧ ಪಾತ್ರೆಗಿಂತ ಕಡಿಮೆ ಹಾಕಿದರೆ ಬಿಸಿ ಬೇಗ ಇಳಿಯುತ್ತದೆ, ಅನ್ನವೂ ಬೇಯುವುದಿಲ್ಲ, ಅಪಾಯವೂ ಹೆಚ್ಚು.

ಕುಕ್ಕರ್ ಆರಿಸುವಾಗ ಓಟ್ಸ್ ವಿಚಾರವೂ ಸೇರಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಡಾಕ್ಟರರು ಹೇಳಿದ ಮೇಲೆ ರಾತ್ರಿಗೆ ಓಟ್ಸ್ ಗಂಜಿ ಮಾಡುವ ಮನೆಗಳು ಬಹಳ. ಅನ್ನಕ್ಕೂ ಓಟ್ಸಿಗೂ ಒಂದೇ ಕುಕ್ಕರ್ ಎಂದು ಮಾರುವವರೂ ಇದ್ದಾರೆ. ಪೊಟ್ಟಣದಲ್ಲಿ ಸಿಗುವ ಚಪ್ಪಟೆ ಓಟ್ಸ್ ಹಬೆಯಲ್ಲಿ ಬೇಯಿಸಿ ಒತ್ತಿದ್ದು, ನಮ್ಮ ಅವಲಕ್ಕಿಯ ಹಾಗೆ. ಗ್ಯಾಸಿನಲ್ಲಿ ಐದು ನಿಮಿಷದ ಕೆಲಸಕ್ಕೆ ಯಾವ ಕುಕ್ಕರೂ ಬೇಡ. ಕರೆಂಟಿನದ್ದಕ್ಕೆ ಹಾಕಿದರೆ ಓಟ್ಸಿನ ಬೀಟಾ ಗ್ಲೂಕನ್ ಎಂಬ ನಾರು ನೀರನ್ನು ಲೋಳೆ ಮಾಡಿ ನೊರೆ ಎಬ್ಬಿಸುತ್ತದೆ. ಮಂದವಾದ ಗಂಜಿ ತಳದಲ್ಲಿ ಹಿಡಿದು ಗುಂಡಿ ಹೊತ್ತಿಗೆ ಮೊದಲೇ ಹಾರುವುದೂ ಉಂಟು. ಕೊಲೆಸ್ಟರಾಲ್ ಇಳಿಸುವ ಗುಣ ಇರುವುದೂ ಆ ನಾರಿನಲ್ಲೇ. ದಿನಕ್ಕೆ 3 ಗ್ರಾಂ ಬೇಕು ಎಂಬ ಲೆಕ್ಕವನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಒಪ್ಪಿಕೊಂಡಿತು. ರಕ್ತದ ಸಕ್ಕರೆಯ ಚಿಂತೆ ಇರುವವರು ಚಪ್ಪಟೆ ಓಟ್ಸಿಗಿಂತ ಓಟ್ಸಿನ ನುಚ್ಚನ್ನೇ ಹುಡುಕುವುದು ಒಳ್ಳೆಯದು, ಅದು ನಿಧಾನವಾಗಿ ಜೀರ್ಣವಾಗುತ್ತದೆ. ನುಚ್ಚು ಬೇಯುವ ರೀತಿ ಕುಚ್ಚಲಕ್ಕಿಯದ್ದೇ: ಧಾರಾಳ ನೀರು, ನಿಧಾನ, ಆರದ ಬಿಸಿ. ಇಬ್ಬರಿಗೆ ಬೇಕಾದ ಅರ್ಧ ಲೀಟರ್ ಗಂಜಿ ದೊಡ್ಡ ಪೆಟ್ಟಿಗೆಯಲ್ಲಿ ತಣ್ಣಗಾಗಿ ಹೋಗುವುದರಿಂದ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕನ್ನು ಬಿಸಿನೀರಿನಲ್ಲಿ ಕಾಯಿಸಿಟ್ಟು, ಕುದಿ ಬಂದ ನುಚ್ಚನ್ನು ಅದಕ್ಕೆ ತುಂಬಿ ಒಂದೂವರೆ ಗಂಟೆ ಬಿಡುವುದು ವಾಸಿ. ಹಾಲು ಬೆಲ್ಲ ಬೇಡದವರಿಗೆ ಮಜ್ಜಿಗೆ, ಉಪ್ಪು, ಮಾವಿನ ಮಿಡಿ ಉಪ್ಪಿನಕಾಯಿ ಅದಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಮನೆಯಲ್ಲಿ ಬೆಳ್ತಿಗೆ ಅನ್ನವೇ ಹೆಚ್ಚಾದರೆ ಕರೆಂಟಿನದ್ದು ಸರಿ. ಆಗಲೂ ಒಂದು ಗುಂಡಿಯ ಸಾದಾ ಕುಕ್ಕರೇ ಸಾಕು. ಅದು ಬರುವ ರಟ್ಟಿನ ಡಬ್ಬದ ಮೇಲೆ ಬರೆದ ಲೀಟರನ್ನು ಮಾತ್ರ ನಂಬಬೇಡಿ. ಕೆಲವರು ಹಾಕುವ ಅಕ್ಕಿಯ ಅಳತೆ ಬರೆಯುತ್ತಾರೆ, ಕೆಲವರು ಪಾತ್ರೆಯ ಒಟ್ಟು ಗಾತ್ರ ಬರೆಯುತ್ತಾರೆ. ಒಳಗಿನ ಗೆರೆಯನ್ನೇ ನೋಡಿ. ಪೆಟ್ಟಿಗೆಯ ಕುಕ್ಕರಿನಲ್ಲಿ ಗಾತ್ರದ್ದೇ ಮುಖ್ಯ ತೀರ್ಮಾನ. ಮಕ್ಕಳೆಲ್ಲ ಹೊರಗಿದ್ದು ಇಬ್ಬರೇ ಉಳಿದ ಮನೆಗೆ ಎರಡು ಕಿಲೋದ್ದನ್ನು ‘ನೆಂಟರು ಬಂದಾಗ ಬೇಕಲ್ಲ’ ಎಂದು ತಂದರೆ ಅದು ವರ್ಷಕ್ಕೆ ನಾಲ್ಕು ದಿನ ಮಾತ್ರ ಸರಿಯಾಗಿ ಬೇಯಿಸೀತು. ಸಿಗುವುದರಲ್ಲಿ ಸಣ್ಣದನ್ನು, ದಿನದ ಅಕ್ಕಿ ನೀರು ಹಾಕಿದಾಗ ಮುಕ್ಕಾಲು ತುಂಬುವಂಥದ್ದನ್ನು ತನ್ನಿ. ಪಾತ್ರೆಯ ತಳ ದಪ್ಪವಿರಲಿ. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಆಯಸ್ಕಾಂತ ಹಿಡಿಯುತ್ತದೆಯೇ ನೋಡಿ. ಡಬ್ಬಿಯ ಒಳಗಿನ ಬೆಸುಗೆಯ ಗೆರೆಯಲ್ಲಿ ಬೆರಳಾಡಿಸಿ. ಸಂದಿ ಇದ್ದರೆ ಮಳೆಗಾಲದಲ್ಲಿ ಫೋಮಿಗೆ ನೀರು ಇಳಿದು ವಾಸನೆ ಬರುತ್ತದೆ, ಬಿಸಿ ಹಿಡಿಯುವ ಶಕ್ತಿಯೂ ಹೋಗುತ್ತದೆ. ಮುಚ್ಚಳದ ರಬ್ಬರ್ ರಿಂಗ್ ಬಿಡಿಯಾಗಿ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಸವೆಯುವುದು ಮೊದಲು ಅದೇ, ಅದು ಸಡಿಲವಾದ ದಿನದಿಂದ ಅನ್ನ ಅರೆಬೆಂದೇ ಬರುತ್ತದೆ.