ಪೂರ್ವಪಕ್ಷವನ್ನು ಉಳಿಸಿದ ಸಂಪುಟ

ಪಂಡಿತಸಭೆಯ ವಾದವು ಗ್ರಂಥರೂಪವನ್ನು ತಾಳುವಾಗ ಅದರ ಜೀವಾಳವೇ ಕಳೆದುಹೋಗುವುದುಂಟು. ಓದಿದ ಪ್ರಬಂಧಗಳು ಅಚ್ಚಾಗುವುವು. ಕೇಳಿದವರು ಎತ್ತಿದ ಆಕ್ಷೇಪಗಳು ಸಭೆಯೊಡನೆ ಮುಗಿದುಹೋಗುವುವು. ಈ ಲೋಪಕ್ಕೆ ಹೊರತಾದುದು ಲಂಡನ್ನಿನ ಫ್ಯಾರಡೆ ಸಂಘದ ಪತ್ರಿಕೆಯ 17ನೆಯ ಸಂಪುಟ. 1903ರಲ್ಲಿ ಸ್ಥಾಪಿತವಾದ ಈ ಸಂಘವು 1921ರ ಸೆಪ್ಟೆಂಬರಿನಲ್ಲಿ ವೇಗವರ್ಧನೆಯನ್ನೂ ರಾಸಾಯನಿಕ ಕ್ರಿಯೆಯ ನವೀನ ಸಿದ್ಧಾಂತಗಳನ್ನೂ ಕುರಿತು ಸಭೆಯನ್ನು ಕರೆಯಿತು. ಪ್ರಬಂಧಗಳೂ ಚರ್ಚೆಯೂ 1922ರಲ್ಲಿ ಒಟ್ಟಿಗೆ ಪ್ರಕಟವಾದುವು.

ಸಭೆಯ ಮುಂದಿದ್ದ ಒಂದು ಮುಖ್ಯ ಪ್ರಶ್ನೆ ಇದು: ಕೆಲವು ಅನಿಲಗಳ ಅಣುಗಳು ಅನ್ಯಪದಾರ್ಥದ ನೆರವಿಲ್ಲದೆ ಒಡೆಯುತ್ತವೆ, ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುವುದು? ಪರಸ್ಪರ ಸಂಘಟ್ಟನೆಯಿಂದ ಎನ್ನುವುದಾದರೆ, ಅನಿಲವು ವಿರಳವಾದಂತೆ ನೂರಕ್ಕೆ ಇಷ್ಟು ಅಣುಗಳು ಒಡೆಯುವುವೆಂಬ ಪ್ರಮಾಣವೂ ತಗ್ಗಬೇಕು. ಅದು ತಗ್ಗುವುದಿಲ್ಲವೆಂದು ಭಾವಿಸಿದ ಪೆರಿನ್ನರು, ಪಾತ್ರೆಯ ಗೋಡೆಗಳಿಂದ ಹೊಮ್ಮುವ ವಿಕಿರಣವೇ ಶಕ್ತಿಮೂಲವೆಂದು ವಾದಿಸಿದರು. ಅಣುಗಳ ಅಸ್ತಿತ್ವವನ್ನು ಪ್ರಯೋಗದಿಂದ ಸ್ಥಿರಪಡಿಸಿದ ಮಹನೀಯರ ಮಾತಾದುದರಿಂದ ಅದಕ್ಕೆ ತೂಕವಿತ್ತು. ಆದರೆ ಅಂತಹ ವಿಕಿರಣವು ಸಾಲದೆಂದು 1920ರಲ್ಲಿಯೇ ಲ್ಯಾಂಗ್ಮ್ಯೂರರು ಲೆಕ್ಕದಿಂದ ತೋರಿಸಿದ್ದರು.

ಗಂಟನ್ನು ಬಿಡಿಸಿದುದು ಪ್ರಬಂಧವಲ್ಲ. ಚರ್ಚೆಯಲ್ಲಿ ಲಿಂಡೆಮನ್ನರು ಆಡಿದ ಕಿರುಮಾತು. ಸಂಘಟ್ಟನೆಯಿಂದ ಶಕ್ತಿಯನ್ನು ಪಡೆದ ಅಣುವು ಒಡನೆಯೇ ಒಡೆಯಬೇಕಾಗಿಲ್ಲ. ಕೆಲಕಾಲ ತಡೆದು ಒಡೆಯಬಹುದು. ಆ ಅವಧಿಯಲ್ಲಿ ಮತ್ತೊಂದು ಸಂಘಟ್ಟನೆಯು ಆ ಶಕ್ತಿಯನ್ನು ಕಸಿದುಕೊಳ್ಳಬಹುದು. ಅನಿಲವು ದಟ್ಟವಾಗಿರುವಾಗ ಗಳಿಕೆಯೂ ನಷ್ಟವೂ ಸಮತೂಗಿ, ಶಕ್ತಿವಂತ ಅಣುಗಳ ಪ್ರಮಾಣವು ಸ್ಥಿರವಾಗಿರುವುದು. ಅತ್ಯಂತ ವಿರಳವಾದಾಗ ಮಾತ್ರ ಆ ಪ್ರಮಾಣವು ತಗ್ಗಬೇಕು. ಈ ಪರೀಕ್ಷಾರ್ಹವಾದ ಭವಿಷ್ಯವಾಣಿಯನ್ನು ಮುಂದೆ ಪ್ರಯೋಗಗಳು ಸಮರ್ಥಿಸಿದುವು.

ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಪೂರ್ವಪಕ್ಷಕ್ಕೆ ಸ್ಥಾನವುಂಟು. ಆದರೆ ಸಾಮಾನ್ಯವಾಗಿ ಅದನ್ನು ಬರೆಯುವವನು ಸಿದ್ಧಾಂತಿಯೇ. ತಾನು ಉರುಳಿಸಬಲ್ಲಷ್ಟು ಬಲವನ್ನೇ ಎದುರಾಳಿಗೆ ಕೊಡುವ ಪ್ರಲೋಭನೆಯು ಅಲ್ಲಿ ಇದ್ದೇ ಇದೆ. ಈ ಸಂಪುಟದಲ್ಲಿ ಪೂರ್ವಪಕ್ಷವು ಪ್ರತಿಪಾದಕನ ಸ್ವಂತ ಮಾತಿನಲ್ಲಿ, ಪೂರ್ಣಬಲದಿಂದ ನಿಂತಿದೆ. ಪೆರಿನ್ನರ ಉತ್ತರವು ತಪ್ಪಾದರೂ ಅವರ ಪ್ರಶ್ನೆ ತಪ್ಪಲ್ಲವೆಂಬುದು ಇಲ್ಲಿ ವಿಶದವಾಗುವುದು. ಆ ಪ್ರಶ್ನೆಯ ತೀಕ್ಷ್ಣತೆಯಿಲ್ಲದೆ ಲಿಂಡೆಮನ್ನರ ಮಾತಿಗೆ ಸಂದರ್ಭವೇ ಇರುತ್ತಿರಲಿಲ್ಲ. ವಿಕಿರಣವಾದವನ್ನು ಒಂದೆರಡು ವಾಕ್ಯಗಳಲ್ಲಿ ತಳ್ಳಿಹಾಕುವ ಪಠ್ಯಪುಸ್ತಕಗಳು ಫಲವನ್ನು ಕೊಟ್ಟು ಬೇರನ್ನು ಮರೆಸುತ್ತವೆ.

ಸಂಪುಟವು ನಿರ್ದೋಷವೆನ್ನಲಾಗದು. ಸಭೆಯ ಹೊರಗೆ ನಡೆದುದು ಸಭೆಯ ಬರಹದಲ್ಲಿ ಕಾಣದು: ಕೋಪನ್‌ಹೇಗನ್ನಿನ ಕ್ರಿಶ್ಚಿಯನ್‌ಸೆನ್ನರು ಅದೇ ವರ್ಷ ಇದೇ ವಿಚಾರವನ್ನು ಸ್ವತಂತ್ರವಾಗಿ ಮಂಡಿಸಿದ್ದರು; ಆದರೂ ಲಿಂಡೆಮನ್ನರ ಹೆಸರೇ ರೂಢಿಗೆ ಬಂದಿತು. ಮೇಲಾಗಿ, ಆ ಕಿರುಮಾತು ಸೂತ್ರಪ್ರಾಯವಾದುದು. ಅಣುವಿನ ಆಂತರಿಕ ಕಂಪನಗಳ ಶಕ್ತಿಯನ್ನೂ ಗಣಿಸಿ ಅದಕ್ಕೆ ಭಾಷ್ಯವನ್ನು ಬರೆದವರು ಹಿನ್‌ಶೆಲ್‌ವುಡ್ಡರು.

ಆ ಸಂಘವು 1980ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಲ್ಲಿ ವಿಲೀನವಾಯಿತು. ಪ್ರಬಂಧದೊಡನೆ ಚರ್ಚೆಯನ್ನೂ ಅಚ್ಚುಮಾಡುವ ಪದ್ಧತಿಯು ಇಂದಿಗೂ ಉಳಿದಿದೆ. ಸಾಹಿತ್ಯಗೋಷ್ಠಿಗಳ ವರದಿಗಳನ್ನು ಸಂಪಾದಿಸುವವರು ಗಮನಿಸತಕ್ಕ ಅಂಶವಿದು: ಸೋತ ವಾದವನ್ನು ಗೌರವದಿಂದ ಉಳಿಸಿದಲ್ಲಿ ಮಾತ್ರ ಗೆದ್ದ ವಾದದ ಬೆಲೆಯು ಮುಂದಿನವರಿಗೆ ತಿಳಿಯುವುದು.